ಕರ್ತೃ ಎಲ್ಲಿ?

ನೆಹರೂ ರಸ್ತೆಯ ನೆಲಮಾಳಿಗೆಯಲ್ಲಿ, ಜೆರಾಕ್ಸ್ ಅಂಗಡಿಯ ಬಗಲಿಗೆ
ನನ್ನದು ಆರಡಿ ಅಗಲದ ಆಸ್ಪತ್ರೆ.
ಒಡೆದ ಗಾಜು, ಊದಿದ ಬ್ಯಾಟರಿ,
ತುಂಗೆಗೆ ಬಿದ್ದು, ಅಕ್ಕಿ ಡಬ್ಬಿಯಲ್ಲಿ
ಒಂದು ರಾತ್ರಿ ಕಳೆದು ಬಂದ ಫೋನುಗಳು.

ಪ್ಯಾಟರ್ನ್ ಹೇಳಿ ಅನ್ನುತ್ತೇನೆ. ಹೇಳುವುದಿಲ್ಲ, ಎಳೆದೇ ತೋರಿಸುತ್ತಾರೆ.
ಒಂಬತ್ತು ಚುಕ್ಕಿ. ಯಾರ ಬೆರಳಿಗೂ ಅಷ್ಟೇ ಅಂಗಳ.
ಆಟೋದ ಇನಾಯತ್ ಸಾಬರದು ನೆಟ್ಟಗೆ ಇಳಿದು ಬಲಕ್ಕೆ ತಿರುಗುವ ಗೆರೆ,
ಸ್ಟ್ಯಾಂಡಿನಿಂದ ಮನೆಗೆ ಹೋಗುವ ದಾರಿಯ ಹಾಗೆ.
ಕಾಲೇಜು ಹುಡುಗರದು ಸಿಕ್ಕು;
ಬಿಡಿಸುವಾಗ ಅವರೇ ಎರಡು ಸಲ ತಪ್ಪುತ್ತಾರೆ.
ಎಲ್ಲವನ್ನೂ ರಸೀದಿ ಪುಸ್ತಕದ ಅಂಚಿನಲ್ಲಿ ಗೀಚಿಟ್ಟಿದ್ದೇನೆ.
ಅರ್ಧ ಶಿವಮೊಗ್ಗದ ಬೀಗದ ಕೈ ಅಲ್ಲಿದೆ.
ಯಾರೂ ಒಂದು ದಿನ ವಾಪಸ್ ಕೇಳಿಲ್ಲ.

ಲೋಹಿತ ಬಂದದ್ದು ಷಟರ್ ಅರ್ಧ ಎಳೆದ ಮೇಲೆ.
ಫೋನು ಹೆಂಡತಿಯದು. ಚೆನ್ನಾಗಿಯೇ ಇತ್ತು.
‘ಯಾರ ಹತ್ರ ಮಾತಾಡ್ತಾಳೆ, ಎಲ್ಲಿಗೆ ಹೋಗ್ತಾಳೆ,
ನನಗೆ ಗೊತ್ತಾಗೋ ಹಾಗೆ ಏನೋ ಹಾಕ್ತಾರಂತಲ್ಲ.’
ಹಾಕಿದೆ.
ಹನ್ನೊಂದು ನಿಮಿಷ. ಐನೂರು ರೂಪಾಯಿ. ರಸೀದಿ ಇಲ್ಲ.
ಪರದೆಯ ಮೇಲೆ ಗುರುತು ಸಹ ಉಳಿಯಲಿಲ್ಲ;
‘ಸಿಸ್ಟಂ ಸರ್ವಿಸ್’ ಎಂದು ಹೆಸರಿಟ್ಟುಕೊಂಡು
ಬಾಡಿಗೆ ಕೊಡದವನ ಹಾಗೆ ಒಳಕೋಣೆಯಲ್ಲಿ ಕೂತಿತು.
ಆ ದುಡ್ಡಲ್ಲಿ ಮಗಳಿಗೆ ಕಂಪಾಸ್ ಬಾಕ್ಸು. ಉಳಿದದ್ದಕ್ಕೆ ಪೆಟ್ರೋಲು.

ಆಮೇಲೆ ಊರಲ್ಲಿ ಗಲಾಟೆ. ಯಾತಕ್ಕೆ ಅಂತ ಇಲ್ಲಿ ಬೇಡ.
ಮೂರು ದಿನ ಇಂಟರ್‌ನೆಟ್ ಬಂದ್.
ಬಂದ್ ಎಂಬ ಸುದ್ದಿ ಬರಬೇಕಾದದ್ದೂ ಅದರಲ್ಲೇ ತಾನೆ,
ಹಾಗಾಗಿ ತಮ್ಮ ಫೋನೇ ಕೆಟ್ಟಿತೆಂದು ಜನ ಮೆಟ್ಟಿಲಿಳಿದು ಬಂದರು.
ಗೋಪಿ ಸರ್ಕಲ್ಲಿನ ಹೂವಿನವಳು
ದುಡ್ಡು ಬಂತೆಂದು ಕೂಗುವ ಡಬ್ಬಿಯನ್ನು ಸೆರಗಲ್ಲಿ ಸುತ್ತಿ ತಂದಳು:
‘ಇದಕ್ಕೆ ಮಾತು ಬಿದ್ದುಹೋಗಿದೆ ಅಣ್ಣ.’
ಅರ್ಜಿಗೆ ಕಡೇ ದಿನ ಎಂದ ಹುಡುಗನೊಬ್ಬ
ಮಧ್ಯಾಹ್ನದ ತನಕ ಮೆಟ್ಟಿಲ ಮೇಲೆ ಕೂತು
ಹೊನ್ನಾಳಿಯ ಬಸ್ಸು ಹತ್ತಿದ, ಅಲ್ಲಿ ಸಿಗ್ನಲ್ ಇದೆಯಂತೆ.
ಎಲ್ಲರಿಗೂ ಒಂದೇ ಹೇಳಿದೆ: ಇದು ನಿಮ್ಮ ಫೋನಿನ ಕಾಯಿಲೆಯಲ್ಲ.

ಕಂಬಕ್ಕೆ ಅಂಟಿಸಿದ ಕಾಗದದಲ್ಲಿ
‘ಸೇವೆಯನ್ನು ಸ್ಥಗಿತಗೊಳಿಸಲಾಗಿದೆ’ ಎಂದಿತ್ತು.
ಏಳನೇ ಕ್ಲಾಸಿನ ವ್ಯಾಕರಣದ ಮೇಷ್ಟ್ರು ನೆನಪಾದರು:
‘ಕರ್ತೃ ಎಲ್ಲೋ? ಯಾರು ಮಾಡಿದ್ದು, ಅದನ್ನ ಮೊದಲು ಹುಡುಕು.’
ಸಿಟ್ಟು ಬಂತು ನನಗೆ.
ಕೇಳದೆ ಕೇಳಿಸದೆ ಒಂದೂರಿನ ಬಾಯಿ ಹೀಗೆ ಕಟ್ಟಬಹುದೆ
ಎಂದು ಗಟ್ಟಿಯಾಗಿಯೇ ಅಂದೆ.
ಜೆರಾಕ್ಸಿನ ಬಾಬಣ್ಣ ಹೌದೌದೆಂದ.

ಐದನೇ ದಿನ ವನಮಾಲ ಬಂದಳು.
‘ಮೆಗ್ಗಾನಿನಲ್ಲಿ ರಕ್ತ ತೆಗೆಯೋದು ನನ್ನ ಕೆಲಸ.
ಜ್ವರ ಅಂದರೆ ಅಂಗೈಗೇ ಗೊತ್ತಾಗ್ತದೆ ನನಗೆ.
ಇದಕ್ಕೆ ಜ್ವರ. ಎರಡು ತಿಂಗಳಾಯ್ತು, ಸುಮ್ಮನಿಟ್ಟರೂ ಬಿಸಿ.
ನೆಟ್ ಇಲ್ಲದ ಮೂರು ದಿನ ಮಾತ್ರ
ನೀರಿನ ಹೂಜಿಯ ಹಾಗೆ ತಣ್ಣಗಿತ್ತು ನೋಡಿ. ಯಾಕೆ?’
ಆಮೇಲೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲದವಳಂತೆ,
‘ನಮ್ಮನೆಯವರಿಗೆ ಆ ಮೂರು ದಿನ ಊಟವೇ ಸೇರಲಿಲ್ಲ.’

ಬಿದ್ದ ಸ್ಕ್ರೂ ಹುಡುಕುವ ನೆವದಲ್ಲಿ ಮೇಜಿನಡಿಗೆ ಬಗ್ಗಿದೆ.
ಏಳುವಷ್ಟರಲ್ಲಿ ಪ್ಯಾಟರ್ನ್ ಎಳೆದಿದ್ದಳು, ನನಗೆ ಗೊತ್ತಿದ್ದದ್ದನ್ನೇ.
‘ಅಮ್ಮನ ರಂಗೋಲಿ ಇದು.
ಕೊನೇ ಗೆರೆ ಸೇರಿಸೋಕೆ ಫೋನು ಬಿಡೋದಿಲ್ಲ.
ಮನಸ್ಸಲ್ಲೇ ಎಳ್ಕೋತೀನಿ.’

ಸೆಟ್ಟಿಂಗ್ಸ್ ತೆಗೆದೆ. ಮೈಕು, ಕ್ಯಾಮೆರಾ, ಇರುವ ಜಾಗ.
ಮೂರರ ಮುಂದೂ ‘ಅನುಮತಿ ನೀಡಲಾಗಿದೆ’.
ಬ್ಯಾಟರಿ ಹಳತಾಗಿದೆ ಅನ್ನಬಹುದಿತ್ತು. ನಾಲಿಗೆಗೆ ಬಂದೂ ಇತ್ತು.
ಅವಳು ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು
ನಿಧಾನವಾಗಿ ಓದಿದಳು, ರಕ್ತದ ರಿಪೋರ್ಟು ಓದುವ ಹಾಗೆ.
‘ನೀಡಲಾಗಿದೆ ಅಂದ್ರೆ? ಯಾರು ನೀಡಿದ್ದು?’

ಬಾಬಣ್ಣನ ಯಂತ್ರ ಆಗಲೇ ನಿಲ್ಲಬೇಕೆ.

ನಾನು, ಅಂದೆ.

ಬೈಯಲಿಲ್ಲ. ಅದನ್ನು ಕಿತ್ತುಹಾಕುವ ತನಕ
ನನ್ನ ಕೈಯನ್ನೇ ನೋಡುತ್ತ ನಿಂತಳು.
ಫೋನು ತೆಗೆದುಕೊಂಡು, ಗೋಡೆಯ ಕಡೆ ತಿರುಗಿ
ಹೊಸ ಗೆರೆ ಎಳೆದಳು.
ನನಗೆ ಕಂಡದ್ದು ಮೊಣಕೈ ಅಲುಗಿದ್ದಷ್ಟೇ.