ಬೆವರುವ ಟ್ಯಾಂಕು

ಬೆವರುತ್ತದೆ ಎಂದು ದೂರು ಬರೆದು ಕಳಿಸಿದ್ದಾರೆ.
ಕಾರವಾರದಲ್ಲಿ ಬೆವರದ್ದು ಏನಿದೆ ಮಾರಾಯ್ತಿ,
ಇನಾಸ್ ನಕ್ಕ, ಶಿರವಾಡದ ಶೆಡ್ಡಿನಲ್ಲಿ
ಟ್ರೇಲರಿನ ಸರಪಳಿ ಬಿಚ್ಚುತ್ತ.

ರಾಕೆಟ್ಟಿನ ಜಲಜನಕ ಕಾಯುವ ಪಾತ್ರೆ:
ಒಂದರೊಳಗೊಂದು ಎರಡು ಹೊಟ್ಟೆ,
ನಡುವೆ ಪರ್ಲೈಟ್ ಪುಡಿ, ಮತ್ತೆ ಏನೂ ಇಲ್ಲ.
ಆ ಏನೂ ಇಲ್ಲದ್ದೇ ಮುಖ್ಯ.
ಇಪ್ಪತ್ತು ವರ್ಷಕ್ಕೆ ಪುಡಿ ಕುಸಿದು ನೆತ್ತಿ ಬೋಳಾಗಿದೆ;
ಎಲ್ಲೋ ಕೂದಲೆಳೆಯ ಬಿರುಕು,
ಗಾಳಿ ಒಳಹೊಕ್ಕು ಸಂಸಾರ ಹೂಡಿದೆ.

ಪುಡಿ ಹೀರಿ ತೆಗೆದೆವು. ಚುರುಮುರಿಗಿಂತ ಹಗುರ,
ರೆಪ್ಪೆಗೆ ಕೂತಿತು,
ಮಂಕಾಳಿಯ ಡಬ್ಬಿಯ ಬಂಗಡೆಗೂ.

ಇನಾಸನ ಅಪ್ಪ ಬೈತಖೋಲದಲ್ಲಿ
ದೋಣಿಯ ಹಲಗೆಸಂದಿಗೆ ಹತ್ತಿ ತುರುಕಿ ರಾಳ ಬಳಿಯುತ್ತಿದ್ದ.
ಸೋರಿಕೆ ತೋರಿಸಲು ಅವನಿಗೆ ಸಮುದ್ರವೇ ಸಾಕಿತ್ತು.
ನಮಗೆ ಹೀಲಿಯಂ ಬೇಕು.
ಬೆಸುಗೆಯ ಗುಂಟ ನಳಿಕೆ ಊದುತ್ತ ನಾನು
ಇರುವೆಗಿಂತ ನಿಧಾನ ನಡೆದೆ.
ಮೂರನೆಯ ದಿನ, ಎತ್ತುವ ಕೊಕ್ಕೆಯ ಬುಡದಲ್ಲಿ,
ಯಂತ್ರದ ಮುಳ್ಳು
ಅಲುಗಿತು.

ಇನಾಸ್ ಅರೆದ, ಬೆಸೆದ, ಬೈದುಕೊಂಡ, ಮತ್ತೆ ಬೆಸೆದ.
ಹೊಸ ಪುಡಿ. ಹನ್ನೊಂದು ದಿನ ಹಗಲೂ ರಾತ್ರಿ ಪಂಪು,
ಒಳಗಿನ ಗಾಳಿಯನ್ನು ಗುಟುಕು ಗುಟುಕಾಗಿ ಎಳೆದು
ಕಡಲ ಗಾಳಿಗೆ ಮರಳಿಸುತ್ತ.

ಇವತ್ತು ಪರೀಕ್ಷೆಗೆ ದ್ರವ ಸಾರಜನಕ ತುಂಬಿದೆ.
ಒಳಗೆ ಸೊನ್ನೆಗಿಂತ ನೂರ ತೊಂಬತ್ತಾರು ಕೆಳಗೆ.
ರಾತ್ರಿ ಪಾಳಿ, ಒಬ್ಬಳೇ. ಟಾರ್ಚು ಕಂಕುಳಲ್ಲಿಟ್ಟು
ನೆತ್ತಿಯ ಮೇಲೆ ಅಂಗೈ ಒತ್ತಿದೆ.
ಒದ್ದೆ.

ಎದೆ ಧಸಕ್ಕೆಂದಿತು.
ಆಮೇಲೆ ಕೈಯನ್ನೇ ನೋಡಿಕೊಂಡೆ,
ಸೀರೆಯ ಮೇಲಿನ ಕೋಟಿಗೆ ಒರೆಸಿ
ಮತ್ತೊಮ್ಮೆ ಇಟ್ಟೆ.