ಮೂರನೇ ಕಿಟಕಿ

ರಾಯಚೂರು ಸ್ಟೇಷನ್ನಿನ ಮೂರನೇ ಕಿಟಕಿಯೊಳಗೆ
ಇಪ್ಪತ್ತಾರು ವರ್ಷ ಕೂತಿದ್ದೆ.
ಜಾಲರಿಯ ಕಂಡಿಯಲ್ಲಿ ಮುಖಕ್ಕಿಂತ ಮೊದಲು ಕೈ ಬರುತ್ತಿತ್ತು,
ಬೆವರಿಗೆ ಮೆತ್ತಗಾದ ಟಿಕೆಟ್ಟು,
ಜೊತೆಗೆ ಒಂದೇ ಮಾತು.
ಕ್ಯಾನ್ಸಲ್ ಮಾಡ್ರಿ. ಕೆನ್ಸಲ್ ಮಾಡ್ರೀ ಸಾಬ್.
ಶಕ್ತಿನಗರದ ಕಡೆಯ ಹೆಂಗಸೊಬ್ಬಳು
"ಕ್ಯಾನ್ಸರ್ ಮಾಡಿಕೊಡಪ್ಪಾ" ಅಂದಳು.
ಸಾಲಿನಲ್ಲಿದ್ದವರೆಲ್ಲ ನಕ್ಕರು, ನಾನೂ.
ಆಕೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನಗಿಂತ ಮುಂಚೆ ಅದೇ ಸ್ಟೂಲಿನ ಮೇಲೆ ವೆಂಕೋಬಾಚಾರ್ರು.
ಕಂಪ್ಯೂಟರ್ ಬಾರದ ಕಾಲ, ಮೊಳದುದ್ದ ರಿಜಿಸ್ಟರು, ಕೆಂಪು ಮಸಿ.
ಮೊದಲ ದಿನ ಯಾರದೋ ಹೆಸರನ್ನು
ಕಾಗದ ಹರಿಯುವ ಹಾಗೆ ಗೀಚಿದ್ದೆ.
ಮಣಿಕಟ್ಟು ಹಿಡಿದರು:
"ಹೂಳಬ್ಯಾಡೋ. ಅಡ್ಡ ಎರಡು, ಉದ್ದ ಎರಡು, ಸಾಕು.
ತೆಳಗಿದ್ದದ್ದು ಓದಾಕ ಬರಬೇಕು.
ಇಂಥಾವ ಹೋಗಬೇಕಂತ ಮಾಡಿದ್ದ
ಅನ್ನೋದರ ಉಳೀಲಿ."

ಡ್ಯೂಟಿ ಮುಗಿಸಿ ತೀನ್ ಕಂದೀಲ್ ಹಿಂದಿನ ಓಣಿಗೆ ಹೋಗುತ್ತಿದ್ದೆ,
ಚಾಂದಪಾಷಾನ ರದ್ದಿ ಅಂಗಡಿಗೆ.
ರದ್ದು ಅರಬ್ಬಿಯಿಂದ ಬಂದದ್ದು,
ಒಲ್ಲೆನೆಂದು ಹಿಂದಕ್ಕೆ ಕಳಿಸುವ ಮಾತು.
ಅದರ ಮಗಳು ರದ್ದಿ, ಇಲ್ಲಿ ಕಿಲೋಗೆ ಹನ್ನೊಂದು ರೂಪಾಯಿ.
ತಕ್ಕಡಿಯ ಪಕ್ಕ ಒಂದು ಡಿಕ್ಷನರಿ ಬಿದ್ದಿತ್ತು, ರಟ್ಟಿಲ್ಲದ್ದು.
'ಎ' ಪೂರಾ ಹೋಗಿತ್ತು, 'ಸಿ' ಗೆದ್ದಲು ಬಿಟ್ಟಷ್ಟು.
ನಾನು ದಿನಕ್ಕೆ ನೂರು ಸಲ ಕೇಳುವ ಶಬ್ದ
ಮುಖ ತೊಳೆದುಕೊಂಡು ಅಲ್ಲಿ ಕೂತಿತ್ತು.

ಮೂಲದಲ್ಲಿ ಅದು ರೋಮಿನವರ ಜಾಲರಿ.
ಬರೆದದ್ದರ ಮೇಲೆ ಗೀಟುಗಳ ಜಾಲರಿ ಎಳೆದರೆ
ಅದೇ ಕ್ಯಾನ್ಸಲ್.
ಜಾಲರಿಯ ಹಿಂದಿನ ಹೆಸರು ಅಕ್ಷರಕ್ಕಕ್ಷರ ಕ್ಯಾನ್ಸರ್
(ಏಡಿ ಬೇರೆ, ಏಡಿಗೂ ಅದೇ ಅಕ್ಷರ),
ಅದಕ್ಕೂ ಹಿಂದೆ ಸೆರೆಮನೆಯ ಕಡೆ ನೆಂಟಸ್ತಿಕೆ.
ನ್ಯಾಯಸಭೆಯ ಜಾಲರಿ ಹತ್ತಿರ ನಿಂತು
ಜನರನ್ನು ಒಳಬಿಡುತ್ತಿದ್ದ ಬಾಗಿಲಾಳೇ
ಮುಂದೆ ಚಾನ್ಸಲರ್ ಆದನಂತೆ, ನಿಲುವಂಗಿ, ಮೆರವಣಿಗೆ.
ನನ್ನದೂ ಅದೇ ನೌಕರಿ, ನಿಲುವಂಗಿ ಒಂದು ಬರಲಿಲ್ಲ.
"ಏನ್ ಸಿಕ್ತ್ರೀ ಅದರಾಗ?" ಅಂದ ಚಾಂದಪಾಷಾ.
"ನನ್ನ ಕಿಟಕಿ."
ದುಡ್ಡು ತಗೊಳ್ಳಲಿಲ್ಲ. ತೂಕ ಮಾತ್ರ ಹಾಕಿದ.

ಈಗ ಆ ಹೆಂಗಸು.
ಟಿಕೆಟ್ಟಿನಲ್ಲಿ ಇಬ್ಬರು, ಹನುಮಕ್ಕ, ಖಾಜಾಬಿ, ಮುಂಬೈಗೆ.
ಒಂದೇ ಕ್ಯಾಂಟೀನಿನಲ್ಲಿ ಹತ್ತೊಂಬತ್ತು ವರ್ಷ
ಚಪಾತಿ ಲಟ್ಟಿಸಿದವರು.
ಸಮುದ್ರ ನೋಡಬೇಕಂತ ಚೀಟಿ ಕಟ್ಟಿದ್ದರು.
"ಖಾಜಾಬೀದು ತೆಗಿ. ಜಾರಿ ಬಿದ್ದು ಸೊಂಟ ಮುರಕೊಂಡಾಳ.
ನೀ ಹೋಗಿ ಬಾ, ಬಂದು ಹೇಳು ಅಂದಾಳ."
ಮಷೀನು ಅರೆಕ್ಷಣ ಯೋಚಿಸಿತು,
ಒಂದೇ ಹೆಸರಿನ ಹೊಸ ಟಿಕೆಟ್ಟು ಉಗುಳಿತು.
ಎಷ್ಟು ಚೊಕ್ಕಟ. ಇನ್ನೊಬ್ಬಳು ಹುಟ್ಟೇ ಇಲ್ಲ ಎಂಬಂತೆ.
"ಹಳೇದು ನನಗ ಕೊಡು," ಕೈ ಒಳಗೇ ಇಟ್ಟಳು,
"ಆಕೀ ಹೆಸರು ಐತಿ. ಸಮುದ್ರಕ್ಕ ತೋರಸ್ತೀನಿ."
ಕೊಡುವ ಹಾಗಿರಲಿಲ್ಲ. ರೂಲು.
ಹೊಸ ಟಿಕೆಟ್ಟಿನ ಬೆನ್ನಿಗೆ
ಕೆಂಪು ಪೆನ್ನಿನಲ್ಲಿ ಖಾಜಾಬಿ ಎಂದು ಬರೆದೆ,
ಅದರ ಮೇಲೆ ಅಡ್ಡ ಎರಡು, ಉದ್ದ ಎರಡು.
ಓದಲು ಬರುತ್ತಿತ್ತು.
ಹನುಮಕ್ಕನಿಗೆ ಓದು ಬಾರದು; ಬೆರಳಾಡಿಸಿ ಕೇಳಿದಳು,
"ಈ ಕಿಟಕಿಯೊಳಗ ಇರೋದು ಆಕೀನಾ?"
ಹ್ಞೂಂ ಅಂದೆ.

ಹದಿನೈದು ದಿನಕ್ಕೆ ಮತ್ತೆ ಅದೇ ಕೈ, ಕಾಗದದ ಪೊಟ್ಟಣ.
"ಆಕೀಗೆ ಕೊಟ್ಟು ಉಳೀತು, ಹಿಡಿ."
ಜಾಲರಿಗೆ ತಾಗಿ ಪೊಟ್ಟಣ ಒಡೆದು
ಸಮುದ್ರದ ಮರಳೆಲ್ಲ ಕೀಬೋರ್ಡಿನೊಳಗೆ.
ಊದಿದೆ, ಮಗುಚಿ ಬಡಿದೆ.
ರಿಟೈರಾಗುವ ದಿನದವರೆಗೂ
'ಸಿ' ಒತ್ತಿದಾಗೊಮ್ಮೆ
ಕರಕರ ಅನ್ನುತ್ತಿತ್ತು.