ಮುಳ್ಳು

ಜೆ.ಸಿ. ರಸ್ತೆಯ ಹಿಂದಿನ ಸಂದಿಯಲ್ಲಿ ನನ್ನ ಅಂಗಡಿ,
ಆರಡಿ ಅಗಲ. ಬೋರ್ಡಿನಲ್ಲಿ ಬರೆಸಿದ್ದೇನೆ:
ಎಲ್ಲ ಥರದ ಮೀಟರ್ ರಿಪೇರಿ.
ಎಲ್ಲ ಅಂದರೆ ಲಾರಿ, ಆಟೋ, ಹಳೆ ಜಾವಾ,
ಒಮ್ಮೆ ಚಿಂತಾಮಣಿಯ ಅಕ್ಕಿಗಿರಣಿಯಿಂದ ಬಂದ ಉಗಿಯ ಗೇಜು.
ದೋಣಿ ನನ್ನ ಲೆಕ್ಕದಲ್ಲಿರಲಿಲ್ಲ.

ಡೆನ್ಜಿಲ್ ಬಂದಾಗ ಚಿತ್ರಾನ್ನದ ಡಬ್ಬಿ ಆಗಷ್ಟೇ ತೆರೆದಿದ್ದೆ.
ಕರ್ಚೀಫು ಬಿಚ್ಚಿ ಮೇಜಿನ ಮೇಲಿಟ್ಟ:
ಬಿಸ್ಕತ್ತಿನಷ್ಟಗಲದ ಗಾಜು, ಒಳಗೊಂದು ಬಿಳಿ ಮುಳ್ಳು,
ಈ ತುದಿಗೆ ಅಪ್, ಆ ತುದಿಗೆ ಡೌನ್.
ಎಪ್ಪತ್ತೆಂಟರ ದೋಣಿಯಂತೆ. ಇಂಜಿನ್ನು ಹೊಟ್ಟೆಯೊಳಗೆ,
ಫ್ಯಾನು ಹಿಂದೆ, ಬಾಲದ ಹಾಗೆ;
ಬಾಲ ಎಷ್ಟು ಎತ್ತಿದೆ ಎಂದು ಹೇಳುವುದೇ ಇದರ ಕೆಲಸ.
"ಹೇಳ್ತಿತ್ತು. ಸುಳ್ಳು."

ಕಾರವಾರಕ್ಕೆಂದು ಹೊರಟಿದ್ದರು, ಜೀಪಿನ ಹಿಂದೆ ಕಟ್ಟಿಕೊಂಡು.
ಮುಳ್ಳು ಅಪ್ ಅಂದಿತು, ನಂಬಿದರು.
ಹೆಣ್ಣೂರು ಮುಖ್ಯರಸ್ತೆಯ ಮೊದಲ ಹಂಪಿನಲ್ಲಿ
ಕೆಳಗೇ ಇದ್ದ ಬಾಲ ಕರ್ರನೆ ಕೆರೆದು
ಮೂರು ಬೆರಳಷ್ಟು ಅಲ್ಯೂಮಿನಿಯಂ ರಸ್ತೆಗೆ ಬಿಟ್ಟುಕೊಟ್ಟಿತು.
ಸಮುದ್ರಕ್ಕೆ ಐನೂರು ಕಿಲೋಮೀಟರ್ ಬಾಕಿ ಇರುವಾಗಲೇ
ದೋಣಿ ತಳ ಕಂಡಿತ್ತು.
ಇಡ್ಲಿ ಗಾಡಿಯವಳು ನಕ್ಕಳಂತೆ. ಅವನೂ ನಕ್ಕ,
ಅರ್ಧಕ್ಕೇ ನಿಲ್ಲಿಸಿದ.

ಬ್ಯಾಟರಿಗೆ ಎರಡು ತಂತಿ ಕೊಟ್ಟೆ.
ಮೂರನೆಯದನ್ನು ಬಿಟ್ಟರೆ ಡೌನ್, ಅರ್ತ್‌ಗೆ ಮುಟ್ಟಿಸಿದರೆ ಅಪ್.
ಬಿಟ್ಟೆ, ಮುಟ್ಟಿಸಿದೆ. ಹತ್ತು ಸಲ.
ಮುಳ್ಳು ಒಂದು ಸಲವೂ ತಡವರಿಸಲಿಲ್ಲ.
"ಇದಕ್ಕೇನೂ ಆಗಿಲ್ಲ ಸಾರ್. ಇದು ಕೇಳಿದ್ದನ್ನು ಹೇಳುತ್ತೆ.
ಕಿವಿಯಲ್ಲಿ ಯಾರು ಊದಿದ್ದಾರೋ ನೋಡಬೇಕು."

ಭಾನುವಾರ, ಲಿಂಗರಾಜಪುರ.
ಕಾರಿನ ಶೆಡ್ಡಿನಲ್ಲಿ ದೋಣಿ,
ಕಾರು ಬೀದಿಯಲ್ಲಿ, ಹೊಂಗೆಯ ಕೆಳಗೆ, ಕಾಗೆಗಳ ವಶ.
ನಾನು ಈಜು ಬಾರದವನು. ಏಣಿ ಹತ್ತುವಾಗ
ಯಾಕೋ ಚಪ್ಪಲಿ ಬಿಟ್ಟೆ.
ಇಂಜಿನ್ನಿನ ಪಕ್ಕ ಹೊಟ್ಟೆಯಡಿ ಮಾಡಿ ಮಲಗಿ
ಬಾಯಲ್ಲಿ ಟಾರ್ಚು ಕಚ್ಚಿ
ಕಂದು-ಬಿಳಿ ತಂತಿಯ ಬೆನ್ನು ಹಿಡಿದೆ.
ಬಾಲದ ಕೀಲಿನವರೆಗೆ ಹೋಗಬೇಕಾಗಲಿಲ್ಲ.
ಮೊಳದೂರದಲ್ಲೇ ಇಲಿ ಕಡಿದ ಜಾಗ:
ಸಿಪ್ಪೆ ಹೋದ ತಾಮ್ರ ಇಂಜಿನ್ನಿನ ಮೈಗೆ ಒರಗಿ ಕೂತಿತ್ತು.
ಹಿಂದಿನಿಂದ ಹೊರಟ ಸುದ್ದಿ ಮುಳ್ಳಿನವರೆಗೆ ಬಾರದೆ
ಇಲ್ಲೇ ಇಳಿದುಹೋಗುತ್ತಿತ್ತು.
ಪಕ್ಕದಲ್ಲೊಂದು ಗೂಡು: ಸೀಟಿನ ಸ್ಪಂಜು, ಮದುವೆ ಕಾರ್ಡಿನ ಚೂರು,
ಲೈಫ್‌ಜಾಕೆಟ್ಟಿನ ಕಿತ್ತಳೆ ದಾರ.
ಆ ಮನೆಯಲ್ಲಿ ನೀರಿಗೆ ತಯಾರಾಗಿದ್ದುದು ಅದೊಂದೇ.

ಅಮೆರಿಕದ ಸೆಂಡರಿಗೆಂದು ಅವನು ನಲವತ್ತು ಸಾವಿರ ತೆಗೆದಿಟ್ಟಿದ್ದ.
ನನಗೆ ಸಾಕಾದದ್ದು ಎಸ್.ಪಿ. ರಸ್ತೆಯ ಒಂದಡಿ ಸ್ಲೀವು,
ಚಿಟಿಕೆ ಬೆಸುಗೆ, ಒಂದು ಬೆಂಕಿಪೊಟ್ಟಣ.

ಆಮೇಲಿನದು ತಾಳ್ಮೆ. ಬಾಲ ಪೂರ್ತಿ ಇಳಿಸಿ
ಕೀಲಿನ ಬದಿಯ ಎರಡು ಸ್ಕ್ರೂ ಸಡಿಲ ಮಾಡಿ
ತುಂಟ ಹುಡುಗನ ಕಿವಿ ಹಿಂಡಿದ ಹಾಗೆ
ಸೆಂಡರನ್ನು ಕೂದಲೆಳೆಯಷ್ಟು ತಿರುಗಿಸುತ್ತ ಕೂಗಿದೆ,
"ಎಲ್ಲಿದೆ?"
ಚುಕ್ಕಾಣಿ ಮುಂದಿನಿಂದ ಡೆನ್ಜಿಲ್: "ಇನ್ನೂ... ಇನ್ನೂ... ಸಾಕು!"
ಸ್ಕ್ರೂ ಬಿಗಿಯುವಷ್ಟರಲ್ಲಿ ಒಂದು ಗೆರೆ ಜಾರಿತು.
ಮತ್ತೆ ತಿರುಗಿಸಿದೆ. ಮತ್ತೆ ಅದೇ ಗೆರೆ.
ನಾಲ್ಕನೆಯ ಸಲ ಒಳಗಿನಿಂದ ಉಗುರುಬಣ್ಣ ತರಿಸಿ
ಗಾಜಿನ ಮೇಲೆ ಕೆಂಪು ಚುಕ್ಕೆ ಇಟ್ಟೆ:
ಇಲ್ಲಿಗೆ ಬಂದರೆ ಕೆಳಗೆ ಅಂತ ತಿಳಿಯಿರಿ.

ಸ್ವಿಚ್ಚು ಒತ್ತಿದ. ಪಂಪು ನರಳಿತು.
ನೀರಿಲ್ಲದ ಗಾಳಿಯಲ್ಲಿ ಬಾಲ ನಿಧಾನ ಎದ್ದಿತು,
ಗೇಟಿನ ಬಳಿ ಮಲಗಿದ್ದ ನಾಯಿ ಎದ್ದಿತು,
ಮುಳ್ಳೂ ಎದ್ದಿತು.
"ಇನ್ನು ನಂಬಬಹುದಾ?"
"ನಂಬಿ," ಅಂದೆ ಸ್ಪ್ಯಾನರ್ ಒರೆಸುತ್ತ,
"ಹಂಪು ಬಂದಾಗ ಮಾತ್ರ ಇಳಿದು ಒಂದು ಸಲ ಬಗ್ಗಿ ನೋಡಿ."

ಸಂಜೆ ಬಸ್ಸು ಅದೇ ಹಂಪು ಹತ್ತಿ ಧಡಕ್ಕನೆ ಇಳಿಯಿತು.
ಕಿಟಕಿಯಿಂದ ನಾನೂ ಬಗ್ಗಿದೆ.
ಡಾಂಬರಿನಲ್ಲಿ ಹೂತ ಏನೋ ಒಂದು ಮಿಣಕ್ ಎಂದಿತು.
ಸೋಡಾ ಬಾಟಲಿಯ ಮುಚ್ಚಳವೂ ಇರಬಹುದು.